ಟರ್ಬೊ ಹೋಗಿದೆ ಅನ್ನೋ ಮೊದಲು ವೇಸ್ಟ್‌ಗೇಟ್ ನೋಡಿ

‘ಟರ್ಬೊ ಹೋಗಿದೆ ಸರ್, ಚೇಂಜ್ ಮಾಡ್ಬೇಕು.’

ವಾರಂಟಿ ಮುಗಿದ ಟರ್ಬೊ ಪೆಟ್ರೋಲ್ ಕಾರು ಇಟ್ಟುಕೊಂಡವರಿಗೆ ಇದಕ್ಕಿಂತ ದುಬಾರಿ ವಾಕ್ಯ ಬಹುಶಃ ಇನ್ನೊಂದಿಲ್ಲ. ಕೆಲವು ಮಾದರಿಗಳಲ್ಲಿ ಹಲವು ತಿಂಗಳ ಇಎಂಐ ಒಂದೇ ಬಿಲ್ಲಿನಲ್ಲಿ ಹೋಗಿಬಿಡುತ್ತೆ. ಹಾಗಿದ್ದೂ ಈ ಮಾತು ಹೇಳುವ ಮೊದಲು ಏನೇನು ಪರೀಕ್ಷೆ ಆಗಿದೆ ಅಂತ ಕೇಳಿದರೆ, ಬಹಳ ಸಲ ಸಿಗುವ ಉತ್ತರ ಒಂದೇ: ಸ್ಕ್ಯಾನರ್‌ನಲ್ಲಿ ಪಿ0299 ಕೋಡ್ ಬಂದಿದೆ.

ಆ ಕೋಡ್‌ನ ಅರ್ಥ ‘ಕೇಳಿದಷ್ಟು ಬೂಸ್ಟ್ ಸಿಗುತ್ತಿಲ್ಲ’ ಅಂತ ಮಾತ್ರ. ಯಾಕೆ ಸಿಗುತ್ತಿಲ್ಲ ಅನ್ನೋದನ್ನು ಅದು ಹೇಳಲ್ಲ. ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ‘ಟೈಮ್‌ಔಟ್’ ಅಂತ ಎರರ್ ಬಂದ ತಕ್ಷಣ ಯಾರೂ ಹೊಸ ಸರ್ವರ್ ತರಲ್ಲ. ಲಾಗ್ ನೋಡ್ತೀವಿ, ಎಲ್ಲಿ ತಡವಾಯ್ತು ಅಂತ ಒಂದೊಂದೇ ಕೊಂಡಿ ಬಿಡಿಸ್ತೀವಿ. ಕಾರಿಗೂ ಅದೇ ಕ್ರಮ ಸಾಕು. ಅದರಲ್ಲೂ ಟರ್ಬೊ ಕಾರಿನಲ್ಲಿ ಎಲ್ಲರ ಕಣ್ಣು ತಪ್ಪಿಸುವ ಒಂದು ಸಣ್ಣ ಭಾಗ ಇದೆ, ಅದೇ ವೇಸ್ಟ್‌ಗೇಟ್.

ಒಂದು ಶಾಫ್ಟ್, ಎರಡು ಚಕ್ರ, ಒಂದು ಬಾಗಿಲು

ಟರ್ಬೊ ಒಳಗೆ ನಡೆಯೋದು ಬಹಳ ಸರಳ. ಎಂಜಿನ್‌ನಿಂದ ಹೊರಬರುವ ಬಿಸಿ ಹೊಗೆ ಟರ್ಬೈನ್ ಎಂಬ ಚಕ್ರವನ್ನು ತಿರುಗಿಸುತ್ತೆ. ಅದೇ ಶಾಫ್ಟಿನ ಇನ್ನೊಂದು ತುದಿಯಲ್ಲಿರುವ ಕಂಪ್ರೆಸರ್ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್‌ಗೆ ತುಂಬುತ್ತೆ. ಹೆಚ್ಚು ಗಾಳಿ ಹೋದರೆ ಹೆಚ್ಚು ಇಂಧನ ಸುಡಬಹುದು, ಹೀಗಾಗಿ 1 ಲೀಟರ್ ಎಂಜಿನ್ ಕೂಡ ದೊಡ್ಡ ಎಂಜಿನ್‌ನಂತೆ ಎಳೆಯುತ್ತೆ. ಸ್ವಿಸ್ ಎಂಜಿನಿಯರ್ ಆಲ್ಫ್ರೆಡ್ ಬ್ಯೂಶಿ ಇದಕ್ಕೆ ಪೇಟೆಂಟ್ ಪಡೆದದ್ದು 1905ರಲ್ಲಿ.

ಆದರೆ ಹೊಗೆ ಹೆಚ್ಚಾದಷ್ಟೂ ಟರ್ಬೈನ್ ಜೋರಾಗಿ ತಿರುಗುತ್ತೆ, ಅದು ತಿರುಗಿದಷ್ಟೂ ಇನ್ನಷ್ಟು ಗಾಳಿ, ಇನ್ನಷ್ಟು ಹೊಗೆ. ತಡೆಯದಿದ್ದರೆ ಎಂಜಿನ್ನೇ ಒಡೆಯುತ್ತೆ. ಅದಕ್ಕೇ ಟರ್ಬೈನ್ ಪಕ್ಕದಲ್ಲಿ ಒಂದು ಪುಟ್ಟ ಬಾಗಿಲು. ಕೆರೆಗೆ ಕೋಡಿ ಇದ್ದ ಹಾಗೆ, ಬೇಕಾದಷ್ಟು ಬೂಸ್ಟ್ ಆದ ಮೇಲೆ ಮಿಕ್ಕ ಹೊಗೆಯನ್ನು ಟರ್ಬೈನ್ ಮುಟ್ಟದೆ ನೇರ ಸೈಲೆನ್ಸರ್ ಕಡೆಗೆ ಕಳಿಸೋದು ಅದರ ಕೆಲಸ. ಇದೇ ವೇಸ್ಟ್‌ಗೇಟ್.

ಕೋಡಿಯೇ ಸೋರಿದರೆ ಕೆರೆ ತುಂಬೋದು ಯಾವಾಗ? ನಮ್ಮ ಸಮಸ್ಯೆ ಶುರುವಾಗೋದು ಇಲ್ಲೇ. ಬಾಗಿಲು ಪೂರ್ತಿ ಮುಚ್ಚದೆ ಕೂದಲೆಳೆಯಷ್ಟು ತೆರೆದಿದ್ದರೂ, ಕಡಿಮೆ ಆರ್‌ಪಿಎಂನಲ್ಲಿ ಇರುವ ಅಲ್ಪ ಹೊಗೆಯಲ್ಲೇ ಒಂದು ಪಾಲು ಸುಮ್ಮನೆ ಜಾರಿಹೋಗುತ್ತೆ. ಟರ್ಬೈನ್ ನಿಧಾನವಾಗಿ ಎಚ್ಚರಗೊಳ್ಳುತ್ತೆ. ಆಕ್ಸಿಲರೇಟರ್ ಒತ್ತಿದ ಮೇಲೆ ಗಾಡಿ ಕೂತು ಯೋಚನೆ ಮಾಡಿ ಹೊರಟ ಹಾಗೆ ಅನಿಸೋದು ಅದಕ್ಕೇ.

ಇದು ಬರೀ ಮೋಜಿನ ವಿಷಯ ಅಲ್ಲ. ಎರಡು ಪಥದ ರಸ್ತೆಯಲ್ಲಿ ಲಾರಿ ಹಿಂದಿಕ್ಕಲು ಹೊರಟಾಗ, ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ತಿರುವು ದಾಟಿ ಏರುವಾಗ, ನಮ್ಮ ಲೆಕ್ಕಾಚಾರವೆಲ್ಲ ಆ ಎಳೆತ ಬಂದೇ ಬರುತ್ತೆ ಅನ್ನೋದರ ಮೇಲೆ ನಿಂತಿರುತ್ತೆ. ಎರಡು ಸೆಕೆಂಡ್ ತಡವಾದರೆ ಎದುರಿನ ಬಸ್ಸು ತಡವಾಗಿ ಬರಲ್ಲ.

ಎಲ್ಲ ತಡವೂ ದೋಷವಲ್ಲ

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಬೂಸ್ಟ್ ಬರಲು ಒಂದು ಕನಿಷ್ಠ ಆರ್‌ಪಿಎಂ ಬೇಕು. ಅದಕ್ಕಿಂತ ಕೆಳಗೆ ಹೊಗೆಯೇ ಸಾಲದು, ಎಷ್ಟು ಒತ್ತಿದರೂ ಟರ್ಬೊ ಏಳಲ್ಲ. ಇದು ಹೊಸ್ತಿಲು. ಹೊಸ್ತಿಲು ದಾಟಿದ ಮೇಲೂ ಶಾಫ್ಟ್ ವೇಗ ಪಡೆಯಲು ಹಿಡಿಯುವ ಕ್ಷಣ ಇದೆಯಲ್ಲ, ಅದು ನಿಜವಾದ ಲ್ಯಾಗ್.

ನಮ್ಮಲ್ಲಿ ಸಿಗುವ ಸಣ್ಣ ಟರ್ಬೊ ಪೆಟ್ರೋಲ್ ಎಂಜಿನ್‌ಗಳು ಸಾಮಾನ್ಯವಾಗಿ 1,500ರಿಂದ 2,000 ಆರ್‌ಪಿಎಂ ಆಸುಪಾಸಿನಲ್ಲಿ ಪೂರ್ತಿ ಟಾರ್ಕ್ ಕೊಡುತ್ತವೆ. ಬೆಂಗಳೂರಿನ ಟ್ರಾಫಿಕ್‌ನಲ್ಲಿ ಮೂರನೇ ಗೇರ್‌ನಲ್ಲಿ 1,200 ಆರ್‌ಪಿಎಂ ಇಟ್ಟುಕೊಂಡು ಒತ್ತಿ, ‘ಪಿಕಪ್ ಇಲ್ಲ’ ಅಂದರೆ ಅದು ಕಾರಿನ ತಪ್ಪಲ್ಲ, ಒಂದು ಗೇರ್ ಇಳಿಸಬೇಕಷ್ಟೇ. ಕೇಳಬೇಕಾದ ಪ್ರಶ್ನೆ: ಅದೇ ಗೇರ್, ಅದೇ ಆರ್‌ಪಿಎಂ, ಅದೇ ಏರಿನಲ್ಲಿ ಹೋದ ವರ್ಷ ಬರುತ್ತಿದ್ದ ಎಳೆತ ಈಗ ಬರುತ್ತಿಲ್ಲವಾ? ಹೌದಾದರೆ ಮಾತ್ರ ಮುಂದಕ್ಕೆ ಹೋಗಿ.

ಇನ್ನೊಂದು ಮಾತು. ಈಗಿನ ಬಹುತೇಕ ಡೀಸೆಲ್ ಕಾರುಗಳಲ್ಲಿ ವೇಸ್ಟ್‌ಗೇಟ್ ಬದಲು ಟರ್ಬೈನ್ ಸುತ್ತ ವಾಲುವ ರೆಕ್ಕೆಗಳ ವ್ಯವಸ್ಥೆ ಇರುತ್ತೆ. ಅದರ ಕಾಯಿಲೆಗಳೇ ಬೇರೆ. ಇಲ್ಲಿ ಹೇಳ್ತಿರೋದು ಪೆಟ್ರೋಲ್ ಟರ್ಬೊ ಬಗ್ಗೆ.

ಸೋರಿಕೆಯಲ್ಲಿ ಎರಡು ಜಾತಿ

‘ಎಕ್ಸಾಸ್ಟ್ ಲೀಕ್’ ಅಂದ ತಕ್ಷಣ ಹೊಗೆ, ವಾಸನೆ, ಸದ್ದು ಅಂತ ನಾವು ಅಂದುಕೊಳ್ತೀವಿ. ವೇಸ್ಟ್‌ಗೇಟ್ ವಿಷಯದಲ್ಲಿ ಅದು ಅರ್ಧ ಸತ್ಯ.

ಒಂದು ಒಳಸೋರಿಕೆ. ಬಾಗಿಲಿನ ಮುಚ್ಚಳ ತನ್ನ ಪೀಠದ ಮೇಲೆ ಸರಿಯಾಗಿ ಕೂರುತ್ತಿಲ್ಲ. ಪೀಠದ ಮೇಲೆ ಮಸಿ ಕಟ್ಟಿರಬಹುದು, ಮುಚ್ಚಳದ ಅಂಚು ಸವೆದಿರಬಹುದು, ತೋಳು ತಿರುಗುವ ಬುಶ್ ಬಿಸಿಗೆ ಬಿಗಿದುಕೊಂಡಿರಬಹುದು. ಪೆಟ್ರೋಲ್ ಎಂಜಿನ್ ಹೊಗೆ ಅಲ್ಲಿ 900 ಡಿಗ್ರಿ ಸೆಲ್ಸಿಯಸ್ ದಾಟುತ್ತೆ ಅನ್ನೋದು ನೆನಪಿರಲಿ. ಇಲ್ಲಿ ಹೊಗೆ ಹೊರಗೆ ಬರೋದೇ ಇಲ್ಲ, ಟರ್ಬೈನ್ ಪಕ್ಕದಿಂದ ಜಾರಿ ಸೈಲೆನ್ಸರ್‌ಗೆ ಹೋಗುತ್ತೆ. ವಾಸನೆಯೂ ಇಲ್ಲ, ಮಸಿಯೂ ಇಲ್ಲ. ಕಾಣೋದು ಬೂಸ್ಟ್ ಕಡಿಮೆ ಆಗಿರೋದು ಮಾತ್ರ.

ಇನ್ನೊಂದು ಹೊರಸೋರಿಕೆ. ಮ್ಯಾನಿಫೋಲ್ಡ್ ಮತ್ತು ಟರ್ಬೊ ನಡುವಿನ ಗ್ಯಾಸ್ಕೆಟ್, ಮ್ಯಾನಿಫೋಲ್ಡ್‌ನಲ್ಲಿ ಬಿಟ್ಟ ಬಿರುಕು, ಅಥವಾ ವೇಸ್ಟ್‌ಗೇಟ್ ತೋಳು ಹೊರಬರುವ ತೂತು, ಇಲ್ಲೆಲ್ಲ ಹೊಗೆ ಬಾನೆಟ್ ಒಳಗೇ ಬರುತ್ತೆ. ಇದು ಬೂಸ್ಟ್ ಕದಿಯೋದರ ಜೊತೆಗೆ ಆರೋಗ್ಯಕ್ಕೂ ಅಪಾಯ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಕ್ಯಾಬಿನ್‌ಗೆ ಹೊರಗಾಳಿ ಎಳೆಯುವ ಜಾಗ ಸಾಮಾನ್ಯವಾಗಿ ಇರೋದು ವಿಂಡ್‌ಸ್ಕ್ರೀನ್ ಬುಡದಲ್ಲಿ, ಬಾನೆಟ್‌ನ ಹಿಂದೆಯೇ. ಪ್ರಯಾಣದಲ್ಲಿ ತಲೆನೋವು, ತಲೆಸುತ್ತು ಶುರುವಾಗಿ ಕಾರಿನಿಂದ ಇಳಿದ ಮೇಲೆ ಕಡಿಮೆ ಆಗ್ತಿದ್ದರೆ ಬೂಸ್ಟ್ ಲೆಕ್ಕ ಆಮೇಲೆ. ಮೊದಲು ಕಾರು ಓಡಿಸೋದು ನಿಲ್ಲಿಸಿ, ಸೋರಿಕೆ ಸರಿಮಾಡಿಸಿ.

ಕಿವಿ ಮತ್ತು ಕಣ್ಣು

ಖರ್ಚಿಲ್ಲದ ಪರೀಕ್ಷೆಗಳಿಂದ ಶುರು ಮಾಡಿ. ಬೆಳಗ್ಗೆ ಎಂಜಿನ್ ತಣ್ಣಗಿರುವಾಗ ಬಾನೆಟ್ ಎತ್ತಿ, ಇನ್ನೊಬ್ಬರ ಕೈಲಿ ಸ್ಟಾರ್ಟ್ ಮಾಡಿಸಿ, ಕೇಳಿ.

‘ಟಿಕ್ ಟಿಕ್ ಟಿಕ್’ ಅಂತ ಎಂಜಿನ್ ವೇಗಕ್ಕೆ ತಕ್ಕಂತೆ ಸದ್ದು ಬಂದು, ಐದತ್ತು ನಿಮಿಷದಲ್ಲಿ ಬಿಸಿಯಾದ ಮೇಲೆ ಕಡಿಮೆಯಾದರೆ ಮ್ಯಾನಿಫೋಲ್ಡ್ ಕಡೆಯ ಸೋರಿಕೆ ಅಂತ ಅನುಮಾನಿಸಿ. ಲೋಹ ಹಿಗ್ಗಿ ಬಿರುಕು ಮುಚ್ಚಿಕೊಳ್ಳುತ್ತೆ, ಹಾಗಾಗಿ ಸದ್ದು ಅಡಗುತ್ತೆ. ಆಕ್ಸಿಲರೇಟರ್ ಬಿಟ್ಟಾಗ ಅಥವಾ ಐಡಲ್‌ನಲ್ಲಿ ತಗಡಿನ ಡಬ್ಬದಲ್ಲಿ ನಾಣ್ಯ ಅಲ್ಲಾಡಿಸಿದ ಹಾಗೆ ‘ಗಲಗಲ’ ಅಂದರೆ ವೇಸ್ಟ್‌ಗೇಟ್ ತೋಳು ಸಡಿಲವಾಗಿರಬಹುದು. ಬಿಎಂಡಬ್ಲ್ಯುನ ಎರಡು ಟರ್ಬೊಗಳ ಎನ್54 ಎಂಜಿನ್ ಈ ಗಲಗಲಕ್ಕೆ ಜಗತ್ತಿನಾದ್ಯಂತ ಹೆಸರುವಾಸಿ. ಬೂಸ್ಟ್ ಬರುವಾಗ ‘ಸ್ಸ್ಸ್’ ಅಂತ ಹೆಚ್ಚಾಗುವ ಸದ್ದು ಮಾತ್ರ ಬೇರೆ ಕಥೆ. ಅದು ಒತ್ತಿದ ಗಾಳಿ ಸೋರುವ ಸದ್ದು. ಇಂಟರ್‌ಕೂಲರ್ ಪೈಪಿನ ಕ್ಲಾಂಪ್ ಸಡಿಲ ಆಗಿರಬಹುದು, ಅಥವಾ ಬೇಸ್‌ಮೆಂಟ್ ಪಾರ್ಕಿಂಗ್‌ನ ಇಲಿ ಪೈಪ್ ಕಡಿದಿರಬಹುದು. ನಗಬೇಡಿ, ನಮ್ಮೂರ ಕಾರುಗಳಲ್ಲಿ ಇಲಿ ನಿಜವಾದ ಶಂಕಿತ.

ಕಣ್ಣಿಗೆ ಕೆಲಸ ಕೊಡೋದು ಎಂಜಿನ್ ಪೂರ್ತಿ ಆರಿದ ಮೇಲೆ. ಟಾರ್ಚ್ ಹಿಡಿದು ಟರ್ಬೊದ ಗ್ಯಾಸ್ಕೆಟ್ ಅಂಚು ಮತ್ತು ವೇಸ್ಟ್‌ಗೇಟ್ ತೋಳಿನ ಬುಡ ನೋಡಿ. ಅಲ್ಲಿ ಕರಿ ಅಥವಾ ಬೂದು ಮಸಿಯ ಗೆರೆ ಇದ್ದರೆ ಹೊಗೆ ಅಲ್ಲಿಂದ ದಾರಿ ಮಾಡಿಕೊಂಡಿದೆ ಅಂತ ಅರ್ಥ.

ಫೋನಿನಲ್ಲಿ ಬೂಸ್ಟ್ ನೋಡೋದು

ಸ್ಟೀರಿಂಗ್ ಕೆಳಗಿನ ಒಬಿಡಿ ಪೋರ್ಟ್‌ಗೆ ಸಿಕ್ಕಿಸುವ ಒಂದು ಬ್ಲೂಟೂತ್ ಅಡಾಪ್ಟರ್, ಫೋನಿನಲ್ಲಿ ಒಂದು ಆ್ಯಪ್. ಇಷ್ಟಿದ್ದರೆ ಅರ್ಧ ಗ್ಯಾರೇಜ್ ನಿಮ್ಮ ಜೇಬಿನಲ್ಲಿದೆ.

ಮೊದಲ ರೀಡಿಂಗ್ ಎಂಜಿನ್ ಸ್ಟಾರ್ಟ್ ಮಾಡದೆ, ಇಗ್ನಿಷನ್ ಮಾತ್ರ ಆನ್ ಮಾಡಿ. ಮ್ಯಾನಿಫೋಲ್ಡ್ ಒತ್ತಡ, ಅಂದರೆ ಮ್ಯಾಪ್ ಸೆನ್ಸರ್, ಈಗ ಹೊರಗಿನ ವಾತಾವರಣದ ಒತ್ತಡವನ್ನೇ ತೋರಿಸಬೇಕು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ, ಹಾಗಾಗಿ ಇಲ್ಲಿ ಸುಮಾರು 91 ಕಿಲೋಪಾಸ್ಕಲ್ ಬರುತ್ತೆ. ಮಂಗಳೂರಿನಲ್ಲಾದರೆ 101ರ ಹತ್ತಿರ. ಬೆಂಗಳೂರಿನಲ್ಲಿ ನಿಂತ ಕಾರು 75 ಅಂತಲೋ 110 ಅಂತಲೋ ತೋರಿಸಿದರೆ ಸೆನ್ಸರೇ ಸುಳ್ಳು ಹೇಳ್ತಿದೆ, ಟರ್ಬೊ ಮುಟ್ಟುವ ಅಗತ್ಯವೇ ಇಲ್ಲ.

ಬೂಸ್ಟ್ ಅಂದರೆ ಮ್ಯಾಪ್ ರೀಡಿಂಗ್‌ನಿಂದ ಈ ವಾತಾವರಣದ ಒತ್ತಡ ಕಳೆದದ್ದು. ಕೆಲವು ಆ್ಯಪ್‌ಗಳು ಎಲ್ಲ ಊರನ್ನೂ ಸಮುದ್ರಮಟ್ಟ ಅಂದುಕೊಂಡು 101 ಕಳೆಯುತ್ತವೆ. ಆಗ ಬೆಂಗಳೂರಿನಲ್ಲಿ ಬೂಸ್ಟ್ 10 ಕಿಲೋಪಾಸ್ಕಲ್ ಕಡಿಮೆ ಇದ್ದ ಹಾಗೆ ಕಾಣುತ್ತೆ. ನಾನು ಆ್ಯಪ್‌ನ ಬೂಸ್ಟ್ ಮೀಟರ್ ನಂಬಲ್ಲ, ಮ್ಯಾಪ್ ಅಂಕಿಯನ್ನೇ ನೋಡ್ತೀನಿ.

ಆಮೇಲೆ ಓಡಿಸಿ ಲಾಗ್ ತೆಗೆಯೋದು. ಅಗ್ಗದ ಅಡಾಪ್ಟರ್‌ಗಳು ನಿಧಾನ. ಹದಿನೈದು ಅಂಕಿಗಳನ್ನು ಒಟ್ಟಿಗೆ ಕೇಳಿದರೆ ಸೆಕೆಂಡಿಗೆ ಒಂದು ರೀಡಿಂಗ್ ಕೂಡ ಬರಲ್ಲ. ಆರ್‌ಪಿಎಂ, ಮ್ಯಾಪ್, ಆಕ್ಸಿಲರೇಟರ್ ಸ್ಥಾನ, ಈ ಮೂರು ಸಾಕು. ಖಾಲಿ, ನೇರ, ಸುರಕ್ಷಿತ ರಸ್ತೆಯಲ್ಲಿ ಮೂರನೇ ಗೇರ್‌ನಲ್ಲಿ 1,500 ಆರ್‌ಪಿಎಂನಿಂದ ಪೂರ್ತಿ ಆಕ್ಸಿಲರೇಟರ್ ಒತ್ತಿ 4,000ದವರೆಗೆ ಹೋಗಿ. ಸಣ್ಣ ಕಾರುಗಳಲ್ಲಿ ಇದು ಹೆಚ್ಚುಕಡಿಮೆ 80 ಕಿ.ಮೀ. ವೇಗದೊಳಗೇ ಮುಗಿಯುತ್ತೆ. ಫೋನ್ ಪಕ್ಕದ ಸೀಟಿನವರ ಕೈಯಲ್ಲಿರಲಿ. ಔಟರ್ ರಿಂಗ್ ರೋಡ್ ಇದಕ್ಕೆ ಜಾಗ ಅಲ್ಲ.

ಗ್ರಾಫ್ ಏನು ಹೇಳುತ್ತೆ?

ಬೂಸ್ಟ್ ನಿಧಾನವಾಗಿ ಏರಿ, ಹೆಚ್ಚಿನ ಆರ್‌ಪಿಎಂನಲ್ಲಿ ಕೊನೆಗೂ ಗುರಿ ಮುಟ್ಟಿದರೆ ಎಲ್ಲೋ ಸಣ್ಣ ಸೋರಿಕೆ ಇದೆ. ವೇಸ್ಟ್‌ಗೇಟ್ ಪೂರ್ತಿ ಮುಚ್ಚುತ್ತಿಲ್ಲ, ಅಥವಾ ಟರ್ಬೊಗೆ ಮುಂಚೆ ಹೊಗೆ ಸೋರುತ್ತಿದೆ, ಅಥವಾ ಗಾಳಿಯ ಪೈಪು ಸಣ್ಣದಾಗಿ ಸೋರುತ್ತಿದೆ.

ಒಂದು ಕಡಿಮೆ ಮಟ್ಟಕ್ಕೆ ಬೇಗನೆ ಏರಿ ಅಲ್ಲೇ ಗೆರೆ ಎಳೆದ ಹಾಗೆ ನಿಂತುಬಿಟ್ಟರೆ, ವೇಸ್ಟ್‌ಗೇಟ್ ಬರೀ ಸ್ಪ್ರಿಂಗ್ ಬಲದ ಮೇಲೆ ನಡೀತಿರಬಹುದು. ಆಗ ಅದನ್ನು ನಿಯಂತ್ರಿಸುವ ಸೊಲೆನಾಯ್ಡ್ ಅಥವಾ ಅದರ ವೈರಿಂಗ್ ನೋಡಬೇಕು. ಪಿ0243 ಥರದ ಕೋಡ್ ಇದ್ದರೆ ಅನುಮಾನ ಗಟ್ಟಿಯಾಗುತ್ತೆ.

ಚೆನ್ನಾಗಿ ಏರಿ, ಮೇಲಿನ ಆರ್‌ಪಿಎಂನಲ್ಲಿ ಕುಸಿದರೆ ಏರ್ ಫಿಲ್ಟರ್, ಒಳಕ್ಕೆ ಚಪ್ಪಟೆಯಾಗುವ ಪೈಪ್, ಕಟ್ಟಿಕೊಂಡ ಕ್ಯಾಟಲಿಟಿಕ್ ಕನ್ವರ್ಟರ್, ದುರ್ಬಲ ಸ್ಪ್ರಿಂಗ್ ಇವುಗಳ ಸರದಿ.

ಫ್ಯೂಯಲ್ ಟ್ರಿಮ್ ಕೂಡ ಸುಳಿವು ಕೊಡುತ್ತೆ. ಟರ್ಬೊಗೆ ಮುಂಚಿನ ಬಿರುಕಿನಿಂದ ಹೊಗೆ ಹೊರಗೆ ಹೋಗೋದಷ್ಟೇ ಅಲ್ಲ, ಎರಡು ಮಿಡಿತಗಳ ನಡುವೆ ಹೊರಗಿನ ಗಾಳಿ ಒಳಗೂ ನುಗ್ಗಬಹುದು. ಆಕ್ಸಿಜನ್ ಸೆನ್ಸರ್ ‘ಪೆಟ್ರೋಲ್ ಕಡಿಮೆ ಆಯ್ತು’ ಅಂದುಕೊಳ್ಳುತ್ತೆ, ಇಸಿಯು ಹೆಚ್ಚು ಸುರಿಯುತ್ತೆ. ಐಡಲ್‌ನಲ್ಲಿ ಟ್ರಿಮ್ ಪ್ಲಸ್ ಕಡೆಗೆ ವಾಲಿ, ಮೈಲೇಜ್ ಕೂಡ ಬಿದ್ದಿದ್ದರೆ ಮ್ಯಾನಿಫೋಲ್ಡ್ ಕಡೆಗೊಮ್ಮೆ ನೋಡಿ.

ಎರಡು ಕಾರು, ಒಂದೇ ರಸ್ತೆ

ನನ್ನ ಸಹೋದ್ಯೋಗಿಯೊಬ್ಬರದು ನನ್ನದೇ ಮಾದರಿಯ 1 ಲೀಟರ್ ಟರ್ಬೊ ಕಾರು. ಆರು ವರ್ಷ ಹಳೆಯದು. ಒಂದು ಸರ್ವೀಸ್ ಸೆಂಟರ್‌ನಲ್ಲಿ ಪಿ0299 ನೋಡಿ ಹೊಸ ಟರ್ಬೊಗೆ ಲಕ್ಷದ ಹತ್ತಿರದ ಎಸ್ಟಿಮೇಟ್ ಕೊಟ್ಟಿದ್ದರು. ಒಂದು ಭಾನುವಾರ ಬೆಳಗ್ಗೆ ನೈಸ್ ರಸ್ತೆ ದಾಟಿ ಹೋಗಿ, ಎರಡೂ ಕಾರನ್ನು ಒಂದೇ ರಸ್ತೆಯಲ್ಲಿ, ಒಂದೇ ಗೇರ್‌ನಲ್ಲಿ ಓಡಿಸಿ ಲಾಗ್ ತೆಗೆದೆವು.

ನನ್ನ ಕಾರು 2,000 ಆರ್‌ಪಿಎಂನಲ್ಲಿ 165 ಕಿಲೋಪಾಸ್ಕಲ್ ತೋರಿಸಿದರೆ ಅವರದು 120. ಆದರೆ 3,500ಕ್ಕೆ ಬರುವಾಗ ಅಂತರ ಹತ್ತಕ್ಕೆ ಇಳಿದಿತ್ತು. ಟರ್ಬೊ ಸತ್ತಿದ್ದರೆ ಮೇಲೆ ಹೋದಂತೆ ಇಷ್ಟು ಚೇತರಿಸಿಕೊಳ್ಳೋದು ಕಷ್ಟ. ಇದು ಸೋರಿಕೆಯ ಗುರುತು.

ಪೀಣ್ಯ ಕಡೆಯ ಒಂದು ಸಣ್ಣ ಗ್ಯಾರೇಜ್‌ಗೆ ಹೋದೆವು. ಅಲ್ಲಿನ ಮೆಕ್ಯಾನಿಕ್ ಮೊದಲು ಗಾಳಿಯ ಪೈಪುಗಳಿಗೆ ಹೊಗೆ ಬಿಟ್ಟು ನೋಡಿದರು. ಸೋರಿಕೆ ಇಲ್ಲ. ಆಮೇಲೆ ಕೈಪಂಪ್ ತಂದು ವೇಸ್ಟ್‌ಗೇಟ್ ಆಕ್ಚುಯೇಟರ್‌ಗೆ ನಿಧಾನಕ್ಕೆ ಒತ್ತಡ ಕೊಟ್ಟರು. ರಾಡ್ ಹೊರಗೆ ಬಂತು. ಒತ್ತಡ ಬಿಟ್ಟರೆ ಪೂರ್ತಿ ವಾಪಸ್ ಹೋಗಲಿಲ್ಲ, ಕೊನೆಯ ಎರಡು ಮಿಲಿಮೀಟರ್ ಅಲ್ಲೇ ನಿಂತಿತು. ಕೈಯಲ್ಲಿ ತಳ್ಳಿದರೆ ಹೋಯಿತು.

ಆಕ್ಚುಯೇಟರ್ ತಪ್ಪಾ, ತೋಳು ಬಿಗಿದಿದೆಯಾ? ಅವರು ರಾಡನ್ನು ತೋಳಿನಿಂದ ಬಿಡಿಸಿ ಮತ್ತೆ ಪಂಪ್ ಮಾಡಿದರು. ಈಗ ರಾಡ್ ಸಲೀಸಾಗಿ ಹೋಗಿಬಂತು, ತೋಳು ಮಾತ್ರ ಬಿಗಿ. ನಾವು ಕೋಡ್‌ನಲ್ಲಿ ಮಾಡುವ ಕೆಲಸ ಇದೇ: ಎರಡು ಮಾಡ್ಯೂಲ್ ಬಿಡಿಸಿ ಬೇರೆ ಬೇರೆ ಓಡಿಸೋದು. ಸೈಲೆನ್ಸರ್ ಕಡೆಯ ಪೈಪ್ ಬಿಚ್ಚಿದಾಗ ಮುಚ್ಚಳದ ಪೀಠದಲ್ಲಿ ಮಸಿ ಪದರ, ಬುಶ್‌ನಲ್ಲಿ ತುಕ್ಕು. ಬುಶ್ ಬಿಡಿಸಿ, ಪೀಠ ಸ್ವಚ್ಛ ಮಾಡಿ, ಮುಚ್ಚಳ ಬಿಗಿಯಾಗಿ ಕೂರುವಂತೆ ರಾಡನ್ನು ಕಂಪನಿಯ ಅಳತೆಗೆ ಹೊಂದಿಸಿದರು. ಗ್ಯಾಸ್ಕೆಟ್ ಸೇರಿ ಬಿಲ್ ಒಂಬತ್ತು ಸಾವಿರ ಚಿಲ್ಲರೆ. ಮುಂದಿನ ಲಾಗ್‌ನಲ್ಲಿ 2,000 ಆರ್‌ಪಿಎಂಗೆ 160 ಬಂತು.

ಪ್ರತಿ ಸಲ ಹೀಗೇ ಅಗ್ಗದಲ್ಲಿ ಮುಗಿಯಲ್ಲ. ಬುಶ್‌ನ ತೂತೇ ಅಗಲವಾಗಿ ತೋಳು ಅತ್ತಿತ್ತ ಆಡ್ತಿದ್ದರೆ, ಟರ್ಬೈನ್ ಹೌಸಿಂಗ್ ಬಿರುಕು ಬಿಟ್ಟಿದ್ದರೆ, ಶಾಫ್ಟ್ ಅಲ್ಲಾಡಿ ಚಕ್ರ ಗೋಡೆಗೆ ಉಜ್ಜುತ್ತಿದ್ದರೆ ಟರ್ಬೊ ಬದಲಾಯಿಸಲೇಬೇಕು. ಅದನ್ನು ನೋಡಿ ಹೇಳಲಿ ಅನ್ನೋದಷ್ಟೇ ನನ್ನ ವಾದ.

ಗ್ಯಾರೇಜಿನಲ್ಲಿ ಕೇಳಬೇಕಾದ ಪ್ರಶ್ನೆಗಳು

ಎಸ್ಟಿಮೇಟ್‌ಗೆ ಸಹಿ ಮಾಡುವ ಮೊದಲು ಇಷ್ಟು ಕೇಳಿ:

• ಗಾಳಿಯ ಪೈಪುಗಳಿಗೆ ಸ್ಮೋಕ್ ಟೆಸ್ಟ್ ಮಾಡಿದ್ದೀರಾ?

• ಇಸಿಯು ಕೇಳಿದ ಬೂಸ್ಟ್ ಎಷ್ಟು, ಸಿಕ್ಕಿದ್ದೆಷ್ಟು? ಎರಡನ್ನೂ ಒಂದೇ ಗ್ರಾಫ್‌ನಲ್ಲಿ ತೋರಿಸ್ತೀರಾ?

• ಆಕ್ಚುಯೇಟರ್ ಪಂಪ್ ಪರೀಕ್ಷೆ ಆಯ್ತಾ? ಒತ್ತಡ ಹಿಡಿದು ನಿಲ್ಲುತ್ತಾ, ರಾಡ್ ಪೂರ್ತಿ ವಾಪಸ್ ಬರುತ್ತಾ?

• ಎಲೆಕ್ಟ್ರಾನಿಕ್ ಆಕ್ಚುಯೇಟರ್ ಆದರೆ, ಸ್ಕ್ಯಾನರ್‌ನಿಂದ ಅದನ್ನು ತೆರೆದು ಮುಚ್ಚಿ ನೋಡಿದಿರಾ? ಹೊಸದು ಹಾಕಿದ ಮೇಲೆ ಅಡಾಪ್ಟೇಷನ್ ಮಾಡ್ತೀರಾ?

• ಶಾಫ್ಟ್ ಅಲ್ಲಾಡುತ್ತಾ? ನನ್ನ ಎದುರಿಗೆ ತೋರಿಸ್ತೀರಾ?

• ಹಳೇ ಭಾಗ ವಾಪಸ್ ಕೊಡ್ತೀರಾ?

ಪಂಪ್ ಪರೀಕ್ಷೆಯಲ್ಲಿ ಒಂದು ಸೂಕ್ಷ್ಮ ಇದೆ. ಒತ್ತಡದಿಂದ ತೆರೆಯುವ ಆಕ್ಚುಯೇಟರ್‌ನ ಡಯಾಫ್ರಾಮ್ ಹರಿದರೆ ಬಾಗಿಲು ತೆರೆಯೋದೇ ಇಲ್ಲ, ಬೂಸ್ಟ್ ಹೆಚ್ಚಾಗುತ್ತೆ, ಪಿ0234 ಬರುತ್ತೆ. ನಿರ್ವಾತದಿಂದ ಮುಚ್ಚುವ ಮಾದರಿಯಲ್ಲಿ ಅದೇ ಡಯಾಫ್ರಾಮ್ ಹರಿದರೆ ಬಾಗಿಲು ಮುಚ್ಚೋದೇ ಇಲ್ಲ, ಬೂಸ್ಟ್ ಕಡಿಮೆಯಾಗುತ್ತೆ. ನಿಮ್ಮ ಕಾರಿನದು ಯಾವ ಮಾದರಿ ಅಂತ ಗೊತ್ತಿಲ್ಲದೆ ಯೂಟ್ಯೂಬ್ ನೋಡಿ ತೀರ್ಮಾನ ಮಾಡಿದರೆ ಉತ್ತರ ತಲೆಕೆಳಗಾಗುತ್ತೆ.

ಇನ್ನು ಮಾಡಲೇಬಾರದ ಕೆಲಸ: ‘ರಾಡ್ ಎರಡು ಸುತ್ತು ಟೈಟ್ ಮಾಡಿದ್ರೆ ಪಿಕಪ್ ಬರುತ್ತೆ’ ಅನ್ನೋ ಸಲಹೆ. ಪಿಕಪ್ ಬರುತ್ತೆ, ನಿಜ. ಬಾಗಿಲು ತಡವಾಗಿ ತೆರೆದು ಬೂಸ್ಟ್ ಮಿತಿ ಮೀರಿದರೆ ಎಂಜಿನ್ ನಾಕಿಂಗ್ ಕೂಡ ಜೊತೆಗೇ ಬರುತ್ತೆ, ಪಿಸ್ಟನ್ ಹೋದರೆ ಟರ್ಬೊ ಬಿಲ್ಲೇ ಅಗ್ಗ ಅನಿಸುತ್ತೆ. ಬಿಸಿ ಟರ್ಬೊ ಹತ್ತಿರ ಕೈ ಹಾಕೋದೂ ಬೇಡ. ಪಂಪ್ ಪರೀಕ್ಷೆಯಿಂದ ಹಿಡಿದು ಎಲ್ಲವೂ ಎಂಜಿನ್ ತಣ್ಣಗಾದ ಮೇಲೆಯೇ.

ಹಳೆಯ ಜಗಳ

ಇಸಿಯು ಬೂಸ್ಟ್ ಕಡಿತ ಮಾಡಿ ಕಾರು ಮಂಕಾಗೋದು ಹೊಸ ತಲೆನೋವು ಅಂದುಕೊಳ್ಳಬೇಡಿ. 1962ರಲ್ಲಿ ಅಮೆರಿಕದಲ್ಲಿ ಬಂದ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್, ಸಾಮಾನ್ಯ ಜನರಿಗೆ ಮಾರಿದ ಮೊದಲ ಟರ್ಬೊ ಕಾರುಗಳಲ್ಲಿ ಒಂದು. ಅದರಲ್ಲಿ ವೇಸ್ಟ್‌ಗೇಟ್ ಇತ್ತು. ಜೊತೆಗೆ ನಾಕಿಂಗ್ ತಡೆಯಲು ನೀರು ಮತ್ತು ಮೆಥನಾಲ್ ಬೆರೆಸಿದ ದ್ರವದ ಟ್ಯಾಂಕ್ ಕೂಡ ಇತ್ತು. ಆ ದ್ರವ ಖಾಲಿಯಾದರೆ ಒಂದು ಕವಾಟ ಬೂಸ್ಟನ್ನು ತಡೆದುಬಿಡುತ್ತಿತ್ತು. ಬಹಳ ಮಾಲೀಕರು ಅದನ್ನು ತುಂಬಿಸಲು ಮರೆತರು, ಕಾರಿನಲ್ಲಿ ಶಕ್ತಿ ಇಲ್ಲ ಅಂತ ದೂರಿದರು. ಕೊನೆಗೆ ಕಂಪನಿಯೇ ಅನೇಕರ ಕಾರಿನಿಂದ ಟರ್ಬೊ ಬಿಚ್ಚಿಕೊಟ್ಟಿತು. ಟರ್ಬೊ ಕೆಟ್ಟಿರಲಿಲ್ಲ, ಡಬ್ಬ ಖಾಲಿಯಾಗಿತ್ತು ಅಷ್ಟೇ.

ಈ ವಾರಾಂತ್ಯಕ್ಕೆ ಒಂದು ಕೆಲಸ

ನಿಮ್ಮ ಟರ್ಬೊ ಕಾರು ಈಗ ಚೆನ್ನಾಗಿ ಓಡ್ತಿದ್ದರೆ ಇಂದೇ ಒಂದು ಲಾಗ್ ತೆಗೆದಿಡಿ. ಊರು, ರಸ್ತೆ, ಗೇರ್, ಹೊರಗಿನ ಸೆಕೆ ಎಲ್ಲ ಬರೆದು ಫೋನಿನಲ್ಲಿ ಉಳಿಸಿಕೊಳ್ಳಿ. ಆರೋಗ್ಯವಾಗಿದ್ದಾಗಿನ ರಕ್ತಪರೀಕ್ಷೆಯ ವರದಿ ಇದ್ದ ಹಾಗೆ. ನಾಳೆ ಎಳೆತ ಕಡಿಮೆ ಅನಿಸಿದಾಗ ಹೋಲಿಸಿ ನೋಡಲು ಒಂದು ಅಳತೆ ಇರುತ್ತೆ, ಮಾತಿಗೆ ಮಾತು ಬೆಳೆಯಲ್ಲ. ಎಂಜಿನ್ ಆಯಿಲ್ ಹೇಳಿದ ಗ್ರೇಡ್, ಹೇಳಿದ ಸಮಯಕ್ಕೆ ಬದಲಾಯಿಸಿ, ಟರ್ಬೊದ ಬೇರಿಂಗ್ ಬದುಕಿರೋದೇ ಅದರ ಮೇಲೆ.

ಮುಂದೊಂದು ದಿನ ಯಾರಾದರೂ ‘ಟರ್ಬೊ ಹೋಗಿದೆ’ ಅಂದರೆ ಜಗಳ ಆಡಬೇಕಿಲ್ಲ. ಆ ಎರಡು ಗ್ರಾಫ್ ಪಕ್ಕಪಕ್ಕ ಇಟ್ಟು, ‘ವೇಸ್ಟ್‌ಗೇಟ್ ರಾಡ್ ಪೂರ್ತಿ ವಾಪಸ್ ಬರುತ್ತಾ, ಒಮ್ಮೆ ನೋಡೋಣ’ ಅಂತ ಕೇಳಿ. ನೋಡಲು ಬೇಕಿರೋದು ಒಂದು ಕೈಪಂಪ್, ಅರ್ಧ ಗಂಟೆ.